‘ಗ್ಯಾಸ್ಟ್ರಿಕ್’ ಎಂದು ತಳ್ಳಿಹಾಕುವ ಮುನ್ನ

ನಮ್ಮಲ್ಲಿ ‘ಗ್ಯಾಸ್ಟ್ರಿಕ್’ ಎಂಬುದು ಹೊಟ್ಟೆಯ ಎಲ್ಲ ತೊಂದರೆಗಳನ್ನೂ ತುಂಬಿಡುವ ಉಗ್ರಾಣದಂಥ ಪದ. ಎದೆ ಉರಿದರೂ ಗ್ಯಾಸ್ಟ್ರಿಕ್, ಹುಳಿತೇಗು ಬಂದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್. ಮೆಡಿಕಲ್ ಷಾಪಿನಲ್ಲಿ ಈ ಒಂದು ಪದ ಹೇಳಿದರೆ ಸಾಕು, ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಮಾತ್ರೆ ಕೈಗೆ ಬರುತ್ತದೆ. ಕಾಯಿಲೆ ಯಾವುದೆಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ದೊಡ್ಡವರ ಮಾತು ಹಾಗಿರಲಿ. ಪಿಯುಸಿಯಲ್ಲೋ ಪದವಿ ತರಗತಿಯಲ್ಲೋ ಓದುವ ಮಕ್ಕಳಲ್ಲಿ ಈ ದೂರು ಬಂದಾಗ ಅದಕ್ಕೆ ಇನ್ನೂ ಒಂದು ವಿವರಣೆ ಸಿದ್ಧವಾಗಿರುತ್ತದೆ: ‘ಪರೀಕ್ಷೆ ಭಯ’. ಮಧ್ಯಾಹ್ನದ ಊಟವಾದ ಅರ್ಧ ಗಂಟೆಗೆ ಹೊಟ್ಟೆ ತಮಟೆಯಂತೆ ಬಿಗಿಯುತ್ತದೆ. ತರಗತಿಯಲ್ಲಿ ಗುಡುಗುಡು ಸದ್ದು. ಕೆಲವು ದಿನ ಭೇದಿ, ಕೆಲವು ದಿನ ಮಲಬದ್ಧತೆ. ಬಸ್ಸು ಹತ್ತಲು ಅಳುಕು, ಸ್ನೇಹಿತರೊಡನೆ ಹೋಟೆಲಿಗೆ ಹೋಗಲು ಸಂಕೋಚ. ಹುಡುಗಿಯಾದರೆ ಯಾರಿಗೂ ಹೇಳದೆ ಸಡಿಲ ಬಟ್ಟೆ ಹಾಕಿಕೊಳ್ಳುತ್ತಾಳೆ. ಹುಡುಗನಾದರೆ ಕೊನೆಯ ಬೆಂಚಿಗೆ ಹೋಗುತ್ತಾನೆ. ಮನೆಯಲ್ಲಿ ‘ಓದಲು ಸೋಮಾರಿತನ’ ಎಂಬ ತೀರ್ಪು ಬರುತ್ತದೆ.

ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ದೊಡ್ಡ ಕಾಯಿಲೆ ಏನೂ ಇರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಆದರೆ ಕೆಲವರಲ್ಲಿ ತೊಂದರೆಯ ಮೂಲ ಸಣ್ಣ ಕರುಳಿನಲ್ಲಿರುತ್ತದೆ. ದೊಡ್ಡ ಕರುಳಿನಲ್ಲಿ ಇರಬೇಕಾದಷ್ಟು ಬ್ಯಾಕ್ಟೀರಿಯಾ ಸಣ್ಣ ಕರುಳಿನಲ್ಲಿ ಬೀಡುಬಿಟ್ಟಿರುತ್ತವೆ. ಇದಕ್ಕೆ ಸಣ್ಣ ಕರುಳಿನ ಬ್ಯಾಕ್ಟೀರಿಯಾ ಅತಿವೃದ್ಧಿ ಎನ್ನಬಹುದು. ವೈದ್ಯರು ಚುಟುಕಾಗಿ ‘ಸಿಬೋ’ ಎನ್ನುತ್ತಾರೆ. ಇದನ್ನು ಗುರುತಿಸಿ ಚಿಕಿತ್ಸೆ ಕೊಡಬಹುದು. ಗುರುತಿಸುವ ಆತುರದಲ್ಲಿ ಇಲ್ಲದವರಿಗೂ ಇದೆಯೆಂದು ಹೇಳಿಬಿಡುವ ಅಪಾಯವೂ ಇದೆ. ಈ ವಾರ ಎರಡರ ಬಗೆಗೂ ತಿಳಿಯೋಣ.

ಆರು ಮೀಟರ್ ಕೊಳವೆಯ ಕಾವಲು

ಜಠರದ ಬಾಯಿಂದ ದೊಡ್ಡ ಕರುಳಿನವರೆಗೆ ಸುರುಳಿ ಸುತ್ತಿಕೊಂಡಿರುವ ಸಣ್ಣ ಕರುಳು ಸುಮಾರು 6 ಮೀಟರ್ ಉದ್ದದ ಕೊಳವೆ. ತಿಂದ ಅನ್ನದ ಸತ್ವವೆಲ್ಲ ರಕ್ತಕ್ಕೆ ಸೇರುವುದು ಇಲ್ಲೇ. ಇದರ ಮೇಲ್ಭಾಗದ ರಸದಲ್ಲಿ ಒಂದು ಮಿಲಿಲೀಟರಿಗೆ ಸಾಮಾನ್ಯವಾಗಿ ಸಾವಿರಕ್ಕಿಂತ ಕಡಿಮೆ ಬ್ಯಾಕ್ಟೀರಿಯಾ ಇರುತ್ತವೆ. ದೊಡ್ಡ ಕರುಳಿಗೆ ಬಂದರೆ ಲೆಕ್ಕವೇ ಬೇರೆ. ಅಲ್ಲಿ ಒಂದು ಗ್ರಾಂ ಮಲದಲ್ಲಿ ಹತ್ತು ಸಾವಿರ ಕೋಟಿಯಷ್ಟು ಇರುತ್ತವೆ. ಅಲ್ಲಿ ಅವು ಇರಲೇಬೇಕು, ನಮಗೆ ಉಪಕಾರವನ್ನೂ ಮಾಡುತ್ತವೆ.

ಒಂದೇ ಕೊಳವೆಯ ಎರಡು ಭಾಗಗಳ ನಡುವೆ ಇಷ್ಟು ಅಂತರ ಹೇಗೆ ಉಳಿಯುತ್ತದೆ? ಅದಕ್ಕೆ ದೇಹ ಹಲವು ಕಾವಲುಗಳನ್ನು ಇಟ್ಟಿದೆ. ಆಹಾರದ ಜೊತೆ ಬಂದ ರೋಗಾಣುಗಳನ್ನು ಜಠರದ ಆಮ್ಲ ಕೊಲ್ಲುತ್ತದೆ. ಉಳಿದವನ್ನು ಪಿತ್ತರಸ ಮತ್ತು ಮೇದೋಜೀರಕದ ರಸಗಳು ಹಿಡಿತದಲ್ಲಿಡುತ್ತವೆ. ಕರುಳಿನ ಒಳಪೊರೆಯಲ್ಲಿ ರೋಗನಿರೋಧಕ ವ್ಯವಸ್ಥೆ ಎಚ್ಚರವಾಗಿರುತ್ತದೆ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿ ಒಂದು ಕವಾಟವಿದ್ದು, ಕೆಳಗಿನದು ಮೇಲಕ್ಕೆ ಬಾರದಂತೆ ತಡೆಯುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಕರುಳಿನ ಚಲನೆ.

ಮದುವೆ ಮನೆಯ ಊಟ ನೆನಪಿಸಿಕೊಳ್ಳಿ. ಒಂದು ಪಂಕ್ತಿ ಎದ್ದು ಇನ್ನೊಂದು ಪಂಕ್ತಿ ಕೂರುವ ಮುನ್ನ ಎಲೆ ತೆಗೆದು, ಗುಡಿಸಿ, ಒರೆಸುತ್ತಾರೆ. ಕರುಳಿನಲ್ಲೂ ಹಾಗೆಯೇ. ಹೊಟ್ಟೆ ಖಾಲಿ ಇರುವಾಗ ಸುಮಾರು ಒಂದೂವರೆಯಿಂದ ಎರಡು ಗಂಟೆಗೊಮ್ಮೆ ಒಂದು ಬಲವಾದ ಚಲನೆಯ ಅಲೆ ಮೇಲಿನಿಂದ ಕೆಳಕ್ಕೆ ಸಾಗಿ, ಉಳಿದ ಆಹಾರದ ಚೂರುಗಳನ್ನೂ ಬ್ಯಾಕ್ಟೀರಿಯಾಗಳನ್ನೂ ದೊಡ್ಡ ಕರುಳಿನತ್ತ ದೂಡುತ್ತದೆ. ಊಟ ಮಾಡಿದ ತಕ್ಷಣ ಈ ಅಲೆ ನಿಂತು, ಜೀರ್ಣಕ್ರಿಯೆಯ ಬೇರೆ ಬಗೆಯ ಚಲನೆ ಆರಂಭವಾಗುತ್ತದೆ. ಈ ಅಲೆಯನ್ನು 1969ರಲ್ಲಿ ಜೋಸೆಫ್ ಝುರ್ಷೆವ್‌ಸ್ಕಿ ಎಂಬ ವಿಜ್ಞಾನಿ ನಾಯಿಗಳಲ್ಲಿ ವಿವರಿಸಿದರು. 1977ರಲ್ಲಿ ಬೆಲ್ಜಿಯಂನ ವಾಂಟ್ರಾಪೆನ್ ಮತ್ತು ಸಂಗಡಿಗರು, ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದ್ದ ಕೆಲವು ರೋಗಿಗಳಲ್ಲಿ ಈ ಅಲೆ ಇಲ್ಲದಿರುವುದನ್ನು ತೋರಿಸಿದರು. ಗುಡಿಸುವವರು ಬಾರದಿದ್ದರೆ ಛತ್ರದ ಗತಿ ಏನಾಗುವುದೋ ಅದೇ ಇಲ್ಲಿಯೂ ಆಗುತ್ತದೆ.

ಹಿಟ್ಟು ಉಕ್ಕಿದಂತೆ

ಇಡ್ಲಿ ಹಿಟ್ಟು ರಾತ್ರಿ ಕಳೆಯುವುದರೊಳಗೆ ಪಾತ್ರೆ ಮೀರಿ ಉಕ್ಕುವುದನ್ನು ಎಲ್ಲರೂ ನೋಡಿದ್ದೀರಿ. ಹಿಟ್ಟಿನಲ್ಲಿರುವ ಸಕ್ಕರೆ ಅಂಶವನ್ನು ಸೂಕ್ಷ್ಮಜೀವಿಗಳು ತಿಂದು ಅನಿಲ ಬಿಡುವುದೇ ಅದಕ್ಕೆ ಕಾರಣ. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾದರೆ ನಾವು ತಿಂದದ್ದು ರಕ್ತಕ್ಕೆ ಸೇರುವ ಮೊದಲೇ ಅವುಗಳ ಪಾಲಾಗಿ, ಇದೇ ಬಗೆಯ ಹುದುಗುವಿಕೆ ನಡೆಯುತ್ತದೆ. ಹೊಟ್ಟೆ ಉಬ್ಬರ, ತೇಗು, ವಾಯು, ನೋವು, ಭೇದಿ ಇವೆಲ್ಲ ಅದರ ಫಲ.

ಕೆಲವರಲ್ಲಿ ಮೀಥೇನ್ ಅನಿಲ ಉತ್ಪಾದಿಸುವ ಜೀವಿಗಳು ಹೆಚ್ಚಾಗಿರುತ್ತವೆ. ಇವು ನಿಜಕ್ಕೂ ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಎಂಬ ಬೇರೆ ಗುಂಪಿಗೆ ಸೇರಿದವು. ಮೀಥೇನ್ ಕರುಳಿನ ಚಲನೆಯನ್ನು ನಿಧಾನಗೊಳಿಸುವುದರಿಂದ ಇಂಥವರಲ್ಲಿ ಮಲಬದ್ಧತೆಯೇ ಮುಖ್ಯ ದೂರು.

ತೊಂದರೆ ತೀವ್ರವಾಗಿ ಬಹುಕಾಲ ಉಳಿದರೆ ಉಬ್ಬರದಷ್ಟಕ್ಕೇ ನಿಲ್ಲುವುದಿಲ್ಲ. ಬ್ಯಾಕ್ಟೀರಿಯಾಗಳು ಪಿತ್ತಲವಣಗಳನ್ನು ಒಡೆಯುವುದರಿಂದ ಕೊಬ್ಬು ಜೀರ್ಣವಾಗದೆ ಮಲ ಜಿಡ್ಡಾಗಿ ನೀರಿನಲ್ಲಿ ತೇಲಬಹುದು. ಎ, ಡಿ, ಇ ವಿಟಮಿನ್‌ಗಳು ದೇಹಕ್ಕೆ ಸರಿಯಾಗಿ ದಕ್ಕುವುದಿಲ್ಲ. ಬಿ12 ವಿಟಮಿನ್ನನ್ನು ಬ್ಯಾಕ್ಟೀರಿಯಾಗಳೇ ಕಬಳಿಸುವುದರಿಂದ ರಕ್ತಹೀನತೆ, ಕೈಕಾಲು ಜೋಮು ಕಾಣಿಸಿಕೊಳ್ಳಬಹುದು. ಆದರೆ ಒಂದು ಎಚ್ಚರ: ಮಾಂಸ, ಮೊಟ್ಟೆ ತಿನ್ನದವರಲ್ಲಿ ಬಿ12 ಕಡಿಮೆ ಇರುವುದು ತೀರಾ ಸಾಮಾನ್ಯ. ಆ ಒಂದು ವರದಿಯನ್ನೇ ಹಿಡಿದು ಕರುಳಿಗೆ ಬ್ಯಾಕ್ಟೀರಿಯಾ ಸೇರಿದೆ ಎನ್ನಲಾಗದು.

ಯಾರಿಗೆ ಬರುತ್ತದೆ?

ಸಿಬೋ ತಾನಾಗಿ ಬರುವುದು ವಿರಳ. ಮೇಲೆ ಹೇಳಿದ ಕಾವಲುಗಳಲ್ಲಿ ಯಾವುದೋ ಒಂದು ಸಡಿಲವಾಗಿರುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆ, ಥೈರಾಯಿಡ್ ಕೊರತೆ, ಚರ್ಮ ಗಡುಸಾಗುವ ಸ್ಕ್ಲೀರೋಡರ್ಮಾ ಮುಂತಾದವು ಕರುಳಿನ ಚಲನೆಯನ್ನು ಕುಂದಿಸುತ್ತವೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಕರುಳು ಒಂದಕ್ಕೊಂದು ಅಂಟಿಕೊಂಡು ಮಡಿಚಿರಬಹುದು. ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾರಣ ಕರುಳಿನ ಕ್ಷಯ. ಅದು ಕರುಳನ್ನು ಅಲ್ಲಲ್ಲಿ ಕಿರಿದಾಗಿಸಿ, ಕೆರೆಯ ತೂಬು ಕಟ್ಟಿದಂತೆ ಹರಿವನ್ನು ತಡೆಯುತ್ತದೆ. ಮೇದೋಜೀರಕದ ದೀರ್ಘಕಾಲದ ಊತ, ರೋಗನಿರೋಧಕ ಶಕ್ತಿಯ ಕೊರತೆಗಳೂ ಕಾರಣವಾಗಬಲ್ಲವು.

ವಿದ್ಯಾರ್ಥಿಗಳಲ್ಲಿ ಇಂಥ ಕಾಯಿಲೆಗಳು ಕಡಿಮೆ. ಅವರಲ್ಲಿ ಕೇಳಿ ತಿಳಿಯಬೇಕಾದ ಸಂಗತಿಗಳು ಎರಡು. ಒಂದು, ತೊಂದರೆ ಶುರುವಾಗುವ ಮೊದಲು ವಿಷಾಹಾರದಿಂದ ವಾಂತಿಭೇದಿ ಆಗಿತ್ತೇ? ಅಂಥ ಸೋಂಕಿನ ನಂತರ ಕೆಲವರಲ್ಲಿ ಕರುಳಿನ ಚಲನೆ ತಿಂಗಳುಗಟ್ಟಲೆ ಹಳಿಗೆ ಬರುವುದಿಲ್ಲ. ಎರಡು, ಆಮ್ಲ ತಗ್ಗಿಸುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಗುಂಪಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುತ್ತಿದ್ದಾರೆಯೇ? ಹುಣ್ಣು, ತೀವ್ರ ಎದೆಯುರಿಗಳಿಗೆ ಅವು ಒಳ್ಳೆಯ ಔಷಧಗಳೇ. ಆದರೆ ಆಮ್ಲವೆಂಬ ಮೊದಲ ಕಾವಲುಗಾರನನ್ನು ಕಾರಣವಿಲ್ಲದೆ ದಿನವೂ ಮಲಗಿಸಿದರೆ ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚುವ ಸಂಭವ ಸ್ವಲ್ಪ ಏರುತ್ತದೆ. ಉಬ್ಬರಕ್ಕೆಂದು ತೆಗೆದುಕೊಂಡ ‘ಗ್ಯಾಸ್ಟ್ರಿಕ್’ ಮಾತ್ರೆ ಉಬ್ಬರವನ್ನೇ ಹೆಚ್ಚಿಸುವ ವಿಪರ್ಯಾಸ ಇದು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ‘ಇದು ಇನ್ನೂ ಬೇಕೇ’ ಎಂದು ಅವರನ್ನೇ ಕೇಳಿ.

ನಮ್ಮ ಭಾಗಕ್ಕೆ ಈ ವಿಷಯ ಹೊಸದೇನಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸೆಲ್ವಿನ್ ಬೇಕರ್, ವಿ. ಐ. ಮಥಾನ್ ಮತ್ತಿತರರು 1960ರ ದಶಕದಿಂದ ‘ಟ್ರಾಪಿಕಲ್ ಸ್ಪ್ರೂ’ ಎಂಬ ಕಾಯಿಲೆಯನ್ನು ಆಳವಾಗಿ ಅಭ್ಯಾಸ ಮಾಡಿದರು. ವಾರಗಟ್ಟಲೆ ಭೇದಿಯಾಗಿ, ತೂಕ ಇಳಿದು, ನಾಲಿಗೆ ಹುಣ್ಣಾಗಿ, ರಕ್ತಹೀನತೆ ಬರುತ್ತಿದ್ದ ಈ ಕಾಯಿಲೆ ದಕ್ಷಿಣ ಭಾರತದ ಹಳ್ಳಿಗಳಲ್ಲಿ ಪಿಡುಗಾಗಿಯೂ ಕಾಣಿಸಿಕೊಂಡಿತ್ತು. ಫೋಲಿಕ್ ಆಮ್ಲ, ಬಿ12, ಟೆಟ್ರಾಸೈಕ್ಲಿನ್‌ಗಳಿಂದ ಇದಕ್ಕೆ ಚಿಕಿತ್ಸೆ ನೀಡಲಾಗುತ್ತಿತ್ತು. ಸಿಬೋ ಮತ್ತು ಸ್ಪ್ರೂ ಒಂದೇ ಅಲ್ಲದಿದ್ದರೂ ನೆಂಟರಂತೆ. ಈಗ ಸ್ಪ್ರೂ ಕಡಿಮೆಯಾಗಿದೆ. ಆದರೂ ತೂಕ ಇಳಿಯುವ ದೀರ್ಘ ಭೇದಿಯಲ್ಲಿ ವೈದ್ಯರು ಅದನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ.

ಉಸಿರಿನಿಂದ ಕರುಳಿನ ಪರೀಕ್ಷೆ

ಸಣ್ಣ ಕರುಳಿನ ರಸವನ್ನು ಎಂಡೋಸ್ಕೋಪಿಯಿಂದ ತೆಗೆದು ಬ್ಯಾಕ್ಟೀರಿಯಾ ಎಣಿಸುವುದು ನೇರವಾದ ಪರೀಕ್ಷೆ. ಅದು ತ್ರಾಸದಾಯಕ, ದುಬಾರಿ, ಎಲ್ಲೆಡೆ ಲಭ್ಯವೂ ಇಲ್ಲ. ಬದಲಿಗೆ ಬಳಕೆಯಲ್ಲಿರುವುದು ಉಸಿರಿನ ಪರೀಕ್ಷೆ. ಮನುಷ್ಯನ ಜೀವಕೋಶಗಳು ಹೈಡ್ರೋಜನ್ ಅನಿಲವನ್ನು ತಯಾರಿಸುವುದಿಲ್ಲ. ಉಸಿರಿನಲ್ಲಿ ಅದು ಕಂಡರೆ ಕರುಳಿನ ಸೂಕ್ಷ್ಮಜೀವಿಗಳಿಂದಲೇ ಬಂದಿರಬೇಕು. ಗ್ಲೂಕೋಸ್ ಅಥವಾ ಲ್ಯಾಕ್ಟ್ಯುಲೋಸ್ ಎಂಬ ಸಕ್ಕರೆಯ ದ್ರಾವಣ ಕುಡಿಸಿ, ಇಂತಿಷ್ಟು ನಿಮಿಷಕ್ಕೊಮ್ಮೆ ಉಸಿರನ್ನು ಯಂತ್ರಕ್ಕೆ ಊದಿಸುತ್ತಾರೆ. 2017ರ ಉತ್ತರ ಅಮೆರಿಕದ ತಜ್ಞರ ಒಮ್ಮತದಂತೆ 90 ನಿಮಿಷಗಳೊಳಗೆ ಹೈಡ್ರೋಜನ್ ಪ್ರಮಾಣ ಹತ್ತು ಲಕ್ಷದಲ್ಲಿ 20 ಭಾಗದಷ್ಟು ಏರಿದರೆ ಪರೀಕ್ಷೆ ‘ಪಾಸಿಟಿವ್’. ಮೀಥೇನ್ ಯಾವ ಹಂತದಲ್ಲಾದರೂ 10 ಭಾಗ ಮುಟ್ಟಿದರೆ ಅದೂ ಪಾಸಿಟಿವ್.

ಪರೀಕ್ಷೆಗೆ ಸಿದ್ಧತೆ ಬೇಕು. ಹಿಂದಿನ ನಾಲ್ಕು ವಾರ ಆಂಟಿಬಯೋಟಿಕ್ ತೆಗೆದುಕೊಂಡಿರಬಾರದು. ಹಿಂದಿನ ದಿನ ಕಾಳು, ಹಾಲು ಮೊದಲಾದ ಹುದುಗುವ ಆಹಾರ ಬಿಡಬೇಕು. ರಾತ್ರಿಯಿಂದ ಉಪವಾಸವಿರಬೇಕು. ಇವನ್ನು ಪಾಲಿಸದೆ ಮಾಡಿಸಿದ ಪರೀಕ್ಷೆ ಹಣ ದಂಡ.

ಈ ಪರೀಕ್ಷೆಯನ್ನು ಎಷ್ಟು ನಂಬಬಹುದು? ಇದಕ್ಕೆ ಉತ್ತರವಾಗಿ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಮಾರ್ಕ್ ಪಿಮೆಂಟೆಲ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ಇರಿಟಬಲ್ ಬವೆಲ್’ ಅಥವಾ ಕೆರಳುವ ಕರುಳಿನ ತೊಂದರೆ ಇದ್ದ 202 ಮಂದಿಯ ಪೈಕಿ ಶೇ. 78ರಷ್ಟು ಜನರಲ್ಲಿ ಲ್ಯಾಕ್ಟ್ಯುಲೋಸ್ ಉಸಿರಿನ ಪರೀಕ್ಷೆ ಸಿಬೋ ತೋರಿಸಿತು. 2007ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ವೈದ್ಯರು ಇದೇ ಕಾಯಿಲೆಯ 162 ಮಂದಿಯ ಸಣ್ಣ ಕರುಳಿನ ರಸವನ್ನೇ ತೆಗೆದು ಬ್ಯಾಕ್ಟೀರಿಯಾ ಬೆಳೆಸಿ ಎಣಿಸಿದರು. ಮಿಲಿಲೀಟರಿಗೆ ಒಂದು ಲಕ್ಷ ಎಂಬ ಹಳೆಯ ಅಳತೆಯಂತೆ ಸಿಬೋ ಇದ್ದದ್ದು ಶೇ. 4 ಮಂದಿಯಲ್ಲಿ ಮಾತ್ರ. ಆರೋಗ್ಯವಂತರಲ್ಲೂ ಶೇ. 4! ಅದಕ್ಕಿಂತ ಕಡಿಮೆ ಮಟ್ಟದ ಹೆಚ್ಚಳ ಮಾತ್ರ ರೋಗಿಗಳಲ್ಲಿ ಹೆಚ್ಚಾಗಿ ಕಂಡಿತು. ಮುಂದೆ 2020ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿ ಹೊರಡಿಸಿದ ಮಾರ್ಗಸೂಚಿ ಅಳತೆಯನ್ನು ಒಂದು ಸಾವಿರಕ್ಕೆ ಇಳಿಸಿತು.

ಇದರ ತಾತ್ಪರ್ಯ ಇಷ್ಟೇ. ಅಳೆಯುವ ಕೋಲು ಬದಲಾದಂತೆ ರೋಗಿಗಳ ಸಂಖ್ಯೆಯೂ ಬದಲಾಗುತ್ತದೆ. ಲ್ಯಾಕ್ಟ್ಯುಲೋಸ್ ಕೆಲವರಲ್ಲಿ ಬೇಗನೆ ದೊಡ್ಡ ಕರುಳನ್ನು ತಲುಪಿಬಿಡುವುದರಿಂದ ಇಲ್ಲದ ಸಿಬೋ ಇದೆಯೆಂದು ತೋರಬಹುದು. ಗ್ಲೂಕೋಸ್ ಮೇಲ್ಭಾಗದಲ್ಲೇ ಹೀರಿಹೋಗುವುದರಿಂದ ಕೆಳಭಾಗದ ಸಿಬೋ ತಪ್ಪಿಹೋಗಬಹುದು. ಆದ್ದರಿಂದ ವರದಿಯ ಕಾಗದ ಮಾತ್ರ ನೋಡಿ ಚಿಕಿತ್ಸೆ ಮಾಡಬಾರದು. ರೋಗಿಯ ಕಥೆ ಕೇಳಿ, ಹೊಟ್ಟೆ ಮುಟ್ಟಿ ನೋಡಿ, ಆಮೇಲೆ ವರದಿ ನೋಡಬೇಕು.

ಮೊದಲು ಪರಿಹರಿಸಿಕೊಳ್ಳಬೇಕಾದ ಅನುಮಾನಗಳು

ಉಸಿರಿನ ಪರೀಕ್ಷೆಗೆ ಓಡುವ ಮುನ್ನ ಸುಲಭದ ಕಾರಣಗಳನ್ನು ನೋಡಿಬಿಡುವುದು ಜಾಣತನ. ಹಾಲಿನ ಸಕ್ಕರೆ ಅರಗದಿರುವುದು ನಮ್ಮಲ್ಲಿ ತೀರಾ ಸಾಮಾನ್ಯ. ಎರಡು ವಾರ ಹಾಲು ಬಿಟ್ಟು, ಮತ್ತೆ ಕುಡಿದು ನೋಡಿದರೆ ಬಹುಮಟ್ಟಿಗೆ ತಿಳಿಯುತ್ತದೆ. ಮಲಪರೀಕ್ಷೆಯಿಂದ ಜಿಯಾರ್ಡಿಯಾ ಎಂಬ ಪರೋಪಜೀವಿಯನ್ನು ಕಂಡುಹಿಡಿಯಬಹುದು. ಹಿಮೋಗ್ಲೋಬಿನ್, ಥೈರಾಯಿಡ್, ರಕ್ತದ ಸಕ್ಕರೆ ಪರೀಕ್ಷೆಗಳು ಊರಿನ ಪ್ರಯೋಗಾಲಯದಲ್ಲೇ ಆಗುತ್ತವೆ. ಗೋಧಿಯ ಗ್ಲೂಟೆನ್ನಿಂದ ಬರುವ ಸೀಲಿಯಾಕ್ ಕಾಯಿಲೆ ಉತ್ತರ ಭಾರತಕ್ಕೆ ಹೋಲಿಸಿದರೆ ದಕ್ಷಿಣದಲ್ಲಿ ಕಡಿಮೆ. ಆದರೂ ಅನುಮಾನವಿದ್ದರೆ ರಕ್ತಪರೀಕ್ಷೆ ಮಾಡಿಸಬೇಕು. ಗೋಧಿ ತಿನ್ನುತ್ತಿರುವಾಗಲೇ ಆ ಪರೀಕ್ಷೆ ಮಾಡಿಸಬೇಕೆಂಬುದು ನೆನಪಿರಲಿ. ಯಾರೋ ಹೇಳಿದರೆಂದು ಚಪಾತಿ ಬಿಟ್ಟು ಆರು ತಿಂಗಳಾದ ಮೇಲೆ ಹೋದರೆ ಇದ್ದ ಕಾಯಿಲೆಯೂ ಕಾಣದೆ ಹೋಗಬಹುದು.

ಕೆಳಗಿನ ಲಕ್ಷಣಗಳಲ್ಲಿ ಒಂದಿದ್ದರೂ ತಡಮಾಡದೆ ತಜ್ಞರನ್ನು ಕಾಣಬೇಕು: ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ಸಂಜೆ ಜ್ವರ, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ಮತ್ತೆಮತ್ತೆ ವಾಂತಿ, ರಕ್ತಹೀನತೆ, ಬೆಳೆಯುವ ಮಕ್ಕಳಲ್ಲಿ ಎತ್ತರ ನಿಂತುಹೋಗುವುದು. ಇವು ಕ್ಷಯ, ಕ್ರೋನ್ಸ್ ಮುಂತಾದ ಕಾಯಿಲೆಗಳ ಸೂಚನೆಯಿರಬಹುದು.

ಚಿಕಿತ್ಸೆಯ ಮೂರು ಕಾಲು

ಸಿಬೋ ಚಿಕಿತ್ಸೆ ಮೂರು ಕಾಲಿನ ಮಣೆಯಂತೆ. ಮೊದಲನೆಯದು ಬ್ಯಾಕ್ಟೀರಿಯಾ ತಗ್ಗಿಸುವುದು, ಎರಡನೆಯದು ಮೂಲಕಾರಣ ಸರಿಪಡಿಸುವುದು, ಮೂರನೆಯದು ಪೋಷಣೆ. ಒಂದು ಕಾಲು ಮುರಿದರೂ ಮಣೆ ಮಗುಚುತ್ತದೆ.

ಬ್ಯಾಕ್ಟೀರಿಯಾ ತಗ್ಗಿಸಲು ಸಾಮಾನ್ಯವಾಗಿ ಎರಡು ವಾರ ಆಂಟಿಬಯೋಟಿಕ್ ಕೊಡುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ರಿಫಾಕ್ಸಿಮಿನ್. ಇದು ರಕ್ತಕ್ಕೆ ಸೇರುವುದು ಅತ್ಯಲ್ಪ, ಕೆಲಸವೆಲ್ಲ ಕರುಳಿನೊಳಗೇ. ಅಮೆರಿಕದಲ್ಲಿ 2015ರಲ್ಲಿ ಭೇದಿ ಪ್ರಧಾನವಾದ ಕೆರಳುವ ಕರುಳಿಗೂ ಇದಕ್ಕೆ ಒಪ್ಪಿಗೆ ದೊರೆಯಿತು. ಮೀಥೇನ್ ಹೆಚ್ಚಿರುವವರಿಗೆ ಜೊತೆಯಲ್ಲಿ ಇನ್ನೊಂದು ಔಷಧ ಬೇಕಾಗಬಹುದು. ಪ್ರಮಾಣವನ್ನು ಇಲ್ಲಿ ಬರೆಯುತ್ತಿಲ್ಲ, ಅದನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು.

ಇಷ್ಟಕ್ಕೇ ಕಥೆ ಮುಗಿಯುವುದಿಲ್ಲ. 2008ರಲ್ಲಿ ಇಟಲಿಯ ವೈದ್ಯರು ರಿಫಾಕ್ಸಿಮಿನ್‌ನಿಂದ ಗುಣವಾದ 80 ಮಂದಿಯನ್ನು ಹಿಂಬಾಲಿಸಿ ನೋಡಿದರು. ಮೂರು ತಿಂಗಳಿಗೆ ಸುಮಾರು ಶೇ. 13, ಆರು ತಿಂಗಳಿಗೆ ಶೇ. 28, ಒಂಬತ್ತು ತಿಂಗಳಿಗೆ ಶೇ. 44 ಮಂದಿಯಲ್ಲಿ ಸಿಬೋ ಮರಳಿತ್ತು. ಮರಳಿದವರಲ್ಲಿ ವಯಸ್ಸಾದವರು, ಅಪೆಂಡಿಕ್ಸ್ ತೆಗೆಸಿಕೊಂಡವರು ಮತ್ತು ಆಮ್ಲ ತಗ್ಗಿಸುವ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡವರು ಹೆಚ್ಚು. ಛತ್ರವನ್ನು ಒಮ್ಮೆ ತೊಳೆದರೆ ಸಾಲದು, ದಿನವೂ ಗುಡಿಸುವ ವ್ಯವಸ್ಥೆ ಸರಿಯಾಗಬೇಕು ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ. ಆದ್ದರಿಂದ ಥೈರಾಯಿಡ್ ಕೊರತೆ ಇದ್ದರೆ ಅದಕ್ಕೆ ಮಾತ್ರೆ, ಸಕ್ಕರೆ ಕಾಯಿಲೆ ಇದ್ದರೆ ಹತೋಟಿ, ಕರುಳು ಕಿರಿದಾಗಿದ್ದರೆ ಅದರ ಚಿಕಿತ್ಸೆ ಆಗಬೇಕು. ಚಲನೆ ಕುಂಠಿತವಾಗಿದ್ದರೆ ಪ್ರುಕಲೋಪ್ರೈಡ್‌ನಂಥ ಔಷಧವನ್ನು ಕೆಲವು ವೈದ್ಯರು ಕೊಡುತ್ತಾರೆ.

ಔಷಧವಿಲ್ಲದೆ ಮಾಡಬಹುದಾದ್ದೂ ಒಂದಿದೆ. ಗುಡಿಸುವ ಅಲೆ ಬರುವುದು ಹೊಟ್ಟೆ ಖಾಲಿಯಿದ್ದಾಗ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಬಿಸ್ಕತ್ತು, ಚುರುಮುರಿ, ಚಹಾ ಎಂದು ಬಾಯಾಡಿಸುತ್ತಿದ್ದರೆ ಅದಕ್ಕೆ ಅವಕಾಶವೇ ಸಿಗದು. ಊಟ ತಿಂಡಿಗಳ ನಡುವೆ ನಾಲ್ಕು ಗಂಟೆ ಬಿಡುವು, ರಾತ್ರಿ ಊಟದ ನಂತರ ಬೆಳಗಿನವರೆಗೆ ಏನೂ ಇಲ್ಲ, ನಡುವೆ ನೀರು ಮಾತ್ರ ಎಂಬ ನಿಯಮ ಹಲವರಿಗೆ ಹಿತವಾಗುತ್ತದೆ. ತೂಕ ಕಡಿಮೆ ಇರುವವರು, ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳಿಯೇ ಇದನ್ನು ಪಾಲಿಸಬೇಕು.

ಅಡುಗೆ ಮನೆಯಲ್ಲಿ

ಬೇಗ ಹುದುಗುವ ಸಕ್ಕರೆಗಳನ್ನು ತಗ್ಗಿಸುವ ‘ಫಾಡ್‌ಮ್ಯಾಪ್’ ಪಥ್ಯವನ್ನು ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದ ತಜ್ಞರು 2005ರಿಂದ ರೂಪಿಸಿದರು. ಅದು ಕೆರಳುವ ಕರುಳಿಗೆಂದು ಹೊರಟ ಪಥ್ಯ. ಸಿಬೋದಲ್ಲಿ ಲಕ್ಷಣಗಳನ್ನು ತಗ್ಗಿಸುತ್ತದೆ, ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ. ನಮ್ಮ ಅಡುಗೆಯಲ್ಲಿ ಹೆಚ್ಚು ಹುದುಗುವ ಪದಾರ್ಥಗಳು ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಡಲೆಕಾಳು, ರಾಜ್ಮಾ, ಅವರೆಯಂಥ ಕಾಳುಗಳು, ಹಾಲು, ಹಣ್ಣುಗಳಲ್ಲಿ ಹಲಸು, ಮಾವು, ಸೇಬು, ಕಲ್ಲಂಗಡಿ. ಸಾಮಾನ್ಯವಾಗಿ ಹಿಡಿಸುವವು ಅನ್ನ, ಮೊಟ್ಟೆ, ಮೀನು, ಕ್ಯಾರೆಟ್, ಸೌತೆಕಾಯಿ, ಕಿತ್ತಳೆ, ಪಪ್ಪಾಯಿ.

ಕೆಲವು ಉಪಾಯಗಳಿಂದ ರುಚಿ ಕೆಡದಂತೆ ನೋಡಿಕೊಳ್ಳಬಹುದು. ಬೆಳ್ಳುಳ್ಳಿಯಲ್ಲಿ ತೊಂದರೆ ಕೊಡುವ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆಯಲ್ಲಿ ಬೆಳ್ಳುಳ್ಳಿ ಎಸಳು ಹುರಿದು, ಎಸಳನ್ನು ತೆಗೆದುಹಾಕಿ, ಆ ಎಣ್ಣೆಯಲ್ಲೇ ಒಗ್ಗರಣೆ ಕೊಟ್ಟರೆ ಘಮ ಉಳಿಯುತ್ತದೆ. ಈರುಳ್ಳಿ ಹೂವಿನ ಹಸಿರು ಭಾಗ ಬಳಸಬಹುದು. ಕಾಳುಗಳನ್ನು ರಾತ್ರಿ ನೆನೆಸಿ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದರೆ ವಾಯು ಕಡಿಮೆ. ಅಂಗಡಿಯ ಇಂಗಿನ ಡಬ್ಬಿಯಲ್ಲಿ ಗೋಧಿಹಿಟ್ಟು ಬೆರೆತಿರುವುದುಂಟು. ಸೀಲಿಯಾಕ್ ಇರುವವರು ಡಬ್ಬಿಯ ಮೇಲಿನ ವಿವರ ಓದಬೇಕು.

ಈ ಪಥ್ಯ ನಾಲ್ಕರಿಂದ ಆರು ವಾರಗಳ ಮಟ್ಟಿಗೆ ಮಾತ್ರ. ಆಮೇಲೆ ಬಿಟ್ಟ ಪದಾರ್ಥಗಳನ್ನು ಒಂದೊಂದಾಗಿ ಮತ್ತೆ ತಿಂದು ನೋಡಬೇಕು. ನಿಜಕ್ಕೂ ತೊಂದರೆ ಕೊಡುವ ಒಂದೆರಡನ್ನು ಮಾತ್ರ ಮಿತಿಗೊಳಿಸಿ ಉಳಿದವನ್ನು ತಟ್ಟೆಗೆ ಮರಳಿಸಬೇಕು. ಇದನ್ನು ಒತ್ತಿಹೇಳಲು ಕಾರಣವಿದೆ. ಉಬ್ಬರದ ಭಯದಿಂದ ಮೊದಲು ಬೇಳೆ, ಆಮೇಲೆ ಹಾಲು, ಆಮೇಲೆ ತರಕಾರಿ ಎಂದು ಬಿಡುತ್ತಾ ಹೋಗಿ ಕೊನೆಗೆ ಮಜ್ಜಿಗೆ ಅನ್ನಕ್ಕೆ ಬಂದು ನಿಲ್ಲುವ ಮಕ್ಕಳಿದ್ದಾರೆ. ಹದಿನೇಳರ ವಯಸ್ಸಿನಲ್ಲಿ ಮೂಳೆ, ಸ್ನಾಯು ಇನ್ನೂ ಬೆಳೆಯುತ್ತಿರುತ್ತವೆ. ಆಗ ಸಿಬೋಗಿಂತ ಅಪೌಷ್ಟಿಕತೆಯೇ ದೊಡ್ಡ ಕಾಯಿಲೆಯಾಗುತ್ತದೆ. ಪಥ್ಯದಲ್ಲಿರುವ ಮಕ್ಕಳನ್ನು ಎರಡು ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುತ್ತಿದ್ದರೆ ಪಥ್ಯ ನಿಲ್ಲಿಸಿ ವೈದ್ಯರ ಬಳಿ ಹೋಗಿ.

ಅಪ್ಪ ಅಮ್ಮಂದಿರಿಗೆ ಒಂದು ಮಾತು

‘ಇದು ಮನಸ್ಸಿನದೋ, ಹೊಟ್ಟೆಯದೋ?’ ಎಂಬುದು ಪೋಷಕರ ಸಾಮಾನ್ಯ ಪ್ರಶ್ನೆ. ಮೆದುಳು ಮತ್ತು ಕರುಳುಗಳ ನಡುವೆ ನರಗಳ ನೇರ ಸಂಪರ್ಕವಿದೆ. ಆತಂಕವಾದಾಗ ಕರುಳಿನ ಚಲನೆ ಬದಲಾಗುತ್ತದೆ. ಹೊಟ್ಟೆ ಕೆಟ್ಟಾಗ ಆತಂಕವೂ ಹೆಚ್ಚುತ್ತದೆ. ಎರಡೂ ಒಟ್ಟಿಗೆ ಇರಬಹುದು. ಪರೀಕ್ಷೆಯ ದಿನ ನೋವು ಹೆಚ್ಚಿತೆಂದ ಮಾತ್ರಕ್ಕೆ ಅದು ನಟನೆಯಲ್ಲ.

ಮಗ ಅಥವಾ ಮಗಳು ಹೊಟ್ಟೆಯ ವಿಷಯ ಹೇಳಿದಾಗ ನಗಬೇಡಿ, ನೆಂಟರ ಎದುರು ಎತ್ತಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಎರಡು ವಾರ ಏನು ತಿಂದೆ, ಯಾವಾಗ ತಿಂದೆ, ಯಾವಾಗ ಉಬ್ಬರಿಸಿತು, ಮಲ ಹೇಗಿತ್ತು ಎಂದು ಮಕ್ಕಳೇ ಬರೆಯಲಿ. ವೈದ್ಯರಿಗೆ ಆ ಎರಡು ಪುಟ ಹತ್ತು ಪರೀಕ್ಷೆಗಳಷ್ಟು ಉಪಯೋಗಕ್ಕೆ ಬರುತ್ತವೆ. ಕಾಲೇಜಿನ ಪ್ರಾಂಶುಪಾಲರಿಗೆ ವೈದ್ಯರ ಪತ್ರ ಕೊಟ್ಟು, ತರಗತಿಯಿಂದ ಶೌಚಾಲಯಕ್ಕೆ ಹೋಗಲು ತಡೆಯದಂತೆ ಮೊದಲೇ ಕೇಳಿಕೊಳ್ಳಿ. ಪರೀಕ್ಷೆಯ ವಾರದಲ್ಲಿ ಹೊಸ ಪಥ್ಯ, ಹೊಸ ಔಷಧ ಯಾವುದೂ ಬೇಡ. ಹಿಡಿಸುತ್ತದೆ ಎಂದು ಗೊತ್ತಿರುವ ತಿಂಡಿಯನ್ನೇ ಎರಡು ಗಂಟೆ ಮೊದಲು ಕೊಡಿ.

ಓದುಗರ ಪ್ರಶ್ನೆಗಳು

*ಹಾಸ್ಟೆಲಿನಲ್ಲಿದ್ದೇನೆ. ಮೆಸ್ಸಿನ ಪಲ್ಯ, ಸಾಂಬಾರು ಎಲ್ಲದರಲ್ಲೂ ಈರುಳ್ಳಿ, ಬೆಳ್ಳುಳ್ಳಿ. ಏನು ಮಾಡಲಿ?*

ಅನ್ನ, ಮಜ್ಜಿಗೆ, ಬೇಯಿಸಿದ ಮೊಟ್ಟೆ, ಸೌತೆಕಾಯಿ ಬಹುತೇಕ ಮೆಸ್‌ಗಳಲ್ಲಿ ಸಿಗುತ್ತವೆ. ಸಾಂಬಾರಿನ ನೀರಿನಲ್ಲೂ ಈರುಳ್ಳಿಯ ಅಂಶ ಕರಗಿರುವುದರಿಂದ ಹೋಳು ತೆಗೆದಿಟ್ಟರೆ ಪ್ರಯೋಜನ ಕಡಿಮೆ. ಪ್ರಮಾಣ ತಗ್ಗಿಸಿ. ಕಟ್ಟುನಿಟ್ಟಿನ ಪಥ್ಯ ಮಾಡಲೇಬೇಕಿದ್ದರೆ ರಜೆಯಲ್ಲಿ ಮನೆಗೆ ಬಂದಾಗ ಮಾಡಿ. ಮೆಸ್ಸಿನಲ್ಲಿ ಅರೆಹೊಟ್ಟೆ ಇರುವುದು ಬೇಡ.

*ಮೊಸರು ತಿಂದರೆ, ಪ್ರೋಬಯೋಟಿಕ್ ಕ್ಯಾಪ್ಸೂಲ್ ನುಂಗಿದರೆ ವಾಸಿಯಾಗುತ್ತದೆಯೇ?*

ಹಿಡಿಸಿದರೆ ಮೊಸರು ಒಳ್ಳೆಯ ಆಹಾರ, ಧಾರಾಳವಾಗಿ ತಿನ್ನಿ. ಕ್ಯಾಪ್ಸೂಲುಗಳ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುತ್ತಿಲ್ಲ. ಕೆಲವರಿಗೆ ಉಬ್ಬರ ಹೆಚ್ಚುವುದೂ ಉಂಟು. ವೈದ್ಯರು ಹೇಳದೆ ಅದಕ್ಕೆ ಹಣ ಹಾಕಬೇಡಿ.

*ಕಳೆದ ವರ್ಷ ಮಾತ್ರೆಯಿಂದ ವಾಸಿಯಾಗಿತ್ತು. ಐದು ತಿಂಗಳಿಗೆ ಮತ್ತೆ ಶುರುವಾಗಿದೆ. ಹಳೆಯ ಚೀಟಿ ತೋರಿಸಿ ಅದೇ ಮಾತ್ರೆ ತೆಗೆದುಕೊಳ್ಳಬಹುದೇ?*

ಬೇಡ. ಮರಳಿ ಬಂದಿದೆ ಎಂದರೆ ಯಾವುದೋ ಕಾವಲು ಇನ್ನೂ ಸಡಿಲವಾಗಿದೆ ಎಂದರ್ಥ, ಅಥವಾ ಇದು ಸಿಬೋ ಅಲ್ಲದೆ ಬೇರೆಯೇ ಇರಬಹುದು. ಆಂಟಿಬಯೋಟಿಕ್ಕನ್ನು ಹಳೆಯ ಚೀಟಿಯ ಮೇಲೆ ಮತ್ತೆಮತ್ತೆ ನುಂಗಿದರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಹಳೆಯ ಚೀಟಿಯನ್ನು ಮೆಡಿಕಲ್ ಷಾಪಿಗೆ ಒಯ್ಯುವ ಬದಲು ವೈದ್ಯರ ಬಳಿಗೇ ಒಯ್ದು, ‘ಇದು ನನಗೆ ಏಕೆ ಬಂತು?’ ಎಂದು ಕೇಳಿ.